ನೀರೂ ಇಳಿಯದಿದ್ದಾಗ: ಅಕಲೇಷಿಯಾ, ಹೆಲ್ಲರ್ ಆಪರೇಷನ್ ಮತ್ತು ನನ್ನ ಅನುಭವ

ಅನ್ನ ಎದೆಯಲ್ಲೇ ನಿಲ್ಲುತ್ತಿದೆ, ನೀರು ಕುಡಿದರೂ ಸರಿಯಾಗಿ ಇಳಿಯುತ್ತಿಲ್ಲ, ಎಂಡೋಸ್ಕೋಪಿ ಮಾಡಿಸಿದರೆ ನಾರ್ಮಲ್ ಅಂತ ಬಂದಿದೆ. ಈ ಮೂರೂ ನಿಮ್ಮ ಮನೆಯಲ್ಲಿ ಒಬ್ಬರಿಗೇ ಇದ್ದರೆ ಈ ಬರಹ ಅವರಿಗಾಗಿ. ನನಗಿದ್ದ ಕಾಯಿಲೆಯ ಹೆಸರು ಅಕಲೇಷಿಯಾ ಕಾರ್ಡಿಯಾ, ಅಂದರೆ ಅನ್ನನಾಳದ ಕೆಳತುದಿಯ ಸ್ನಾಯು ಸಡಿಲವಾಗದೆ ಆಹಾರ ಜಠರಕ್ಕೆ ಇಳಿಯದಿರುವುದು. ಹೊಟ್ಟೆಯಲ್ಲಿ ಸಣ್ಣ ತೂತುಗಳನ್ನು ಮಾಡಿ ಲ್ಯಾಪರೋಸ್ಕೋಪಿಯಲ್ಲಿ ಆ ಸ್ನಾಯುವನ್ನು ಕತ್ತರಿಸುವ ಹೆಲ್ಲರ್ ಮಯಾಟಮಿ ಎಂಬ ಆಪರೇಷನ್ ಆಗಿದೆ. ಮೊನ್ನೆ ಮೂರು ತಿಂಗಳ ಚೆಕಪ್ ಮುಗಿಯಿತು. ಕಾಯಿಲೆಯ ಹೆಸರು ಗೊತ್ತಾಗುವುದಕ್ಕೇ ಎರಡು ವರ್ಷದ ಮೇಲೆ ಹಿಡಿಯಿತು. ಆ ಎರಡು ವರ್ಷ ಬೇರೆ ಯಾರಿಗೂ ಹಾಳಾಗಬಾರದು ಅಂತ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ, ಪ್ರೈವೇಟ್ ಶಾಲೆಯೊಂದರಲ್ಲಿ ಟೀಚರ್. ಔಷಧಿ, ಡೋಸ್ ಎಲ್ಲಾ ನಿಮ್ಮ ಡಾಕ್ಟರ್ ಹೇಳಿದ ಹಾಗೆ.

ನಮ್ಮದು ತಿಪಟೂರು ಕಡೆ. ಮುದ್ದೆಯನ್ನು ನಾವು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಒಂದು ಮಧ್ಯಾಹ್ನ ತುತ್ತು ಎದೆಮೂಳೆಯ ಹಿಂದೆ ನಿಂತುಬಿಟ್ಟಿತು. ನೀರು ಕುಡಿದೆ. ನೀರೂ ಅದರ ಮೇಲೇ ನಿಂತಿತು. ಎದ್ದು ನಿಂತು, ಬೆನ್ನು ನೆಟ್ಟಗೆ ಮಾಡಿ ಇನ್ನೊಂದು ಲೋಟ ಕುಡಿದ ಮೇಲೆ ಎಲ್ಲಾ ಒಟ್ಟಿಗೆ ಇಳಿಯಿತು. ಮೊದಮೊದಲು ಅಪರೂಪಕ್ಕೆ ಹೀಗಾಗುತ್ತಿತ್ತು. ಆಮೇಲೆ ಚಪಾತಿಗೂ ಆಯಿತು, ದೋಸೆಗೂ ಆಯಿತು. ಕೊನೆಗೆ ಕಲಸಿದ ಮೊಸರನ್ನವೂ ನಿಲ್ಲುತ್ತಿತ್ತು. ತಣ್ಣೀರು ಗುಟುಕರಿಸಿದರೆ ಎದೆಯಲ್ಲಿ ಹಿಡಿದುಕೊಂಡ ಹಾಗಾಗುತ್ತಿತ್ತು.

ಇಲ್ಲಿ ಒಂದು ಮಾತು. ಅನ್ನನಾಳದಲ್ಲಿ ಗಡ್ಡೆಯೋ ಗಾಯದ ಕಲೆಯೋ ಇದ್ದರೆ ಸಾಮಾನ್ಯವಾಗಿ ಮೊದಲು ಗಟ್ಟಿ ಪದಾರ್ಥ ಸಿಕ್ಕಿಕೊಳ್ಳುತ್ತದೆ, ನೀರಿನ ತೊಂದರೆ ಆಮೇಲೆ ಬರುತ್ತದೆ. ಅಕಲೇಷಿಯಾದಲ್ಲಿ ಹೆಚ್ಚಿನವರಿಗೆ ಗಟ್ಟಿಯೂ ನೀರೂ ಶುರುವಿನಿಂದಲೇ ಕಷ್ಟ. ಎರಡರಲ್ಲಿ ಯಾವುದೇ ಇದ್ದರೂ ಸುಮ್ನೆ ಕೂರಬೇಡಿ. ವಯಸ್ಸಾದವರಲ್ಲಿ ನುಂಗುವ ತೊಂದರೆ ಬೇಗ ಬೇಗ ಜಾಸ್ತಿಯಾಗಿ ತೂಕ ಇಳಿಯುತ್ತಿದ್ದರೆ ಕ್ಯಾನ್ಸರ್ ಇಲ್ಲ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಲೇಬೇಕು.

ನನ್ನ ವಿಷಯದಲ್ಲಿ ಎಲ್ಲರೂ ಹೇಳಿದ್ದು ಗ್ಯಾಸ್ಟ್ರಿಕ್. ಬೆಳಿಗ್ಗೆ ಖಾಲಿ ಹೊಟ್ಟೆಗೆ ಆಸಿಡ್ ಕಡಿಮೆ ಮಾಡುವ ಪ್ಯಾಂಟೊಪ್ರಜೋಲ್ ಮಾತ್ರೆ, ಊಟಕ್ಕೆ ಮುಂಚೆ ಸಿರಪ್. ಕಡಿಮೆಯಾಗಲಿಲ್ಲ. ಥೈರಾಯ್ಡ್ ನೋಡಿಸಿದರು, ನಾರ್ಮಲ್. ಒಬ್ಬರು ಟೆನ್ಷನ್ ಅಂದರು, ನಿದ್ದೆ ಮಾತ್ರೆ ಬರೆದರು. ಅತ್ತೆ ಜೀರಿಗೆ ಕಷಾಯ ಮಾಡಿಕೊಟ್ಟರು, ಹರಕೆ ಹೊತ್ತರು. ಅವರ ಕಾಳಜಿಗೆ ನಾನು ಋಣಿ, ಆದರೆ ತೂಕ ಇಳಿಯುತ್ತಲೇ ಹೋಯಿತು. ಅರವತ್ತೊಂದು ಕೇಜಿ ಇದ್ದವಳು ಐವತ್ತರ ಕೆಳಗೆ ಬಂದೆ. ರವಿಕೆಗಳನ್ನೆಲ್ಲಾ ಹಿಡಿಸಬೇಕಾಯಿತು. ಡಯಟ್ ಮಾಡ್ತಿದೀಯಾ, ಚೆನ್ನಾಗಿ ಕಾಣ್ತೀಯ ಅಂತ ನೆಂಟರು ಹೇಳಿದಾಗ ಅಳು ಬರುತ್ತಿತ್ತು.

ಊಟ ಎನ್ನುವುದು ನಾಲ್ಕು ಜನರ ನಡುವೆ ಮಾಡುವಂಥದ್ದು ಅಲ್ವಾ? ಅದೇ ಹೋಯಿತು. ಮದುವೆ ಮನೆಯಲ್ಲಿ ಪಂಕ್ತಿಗೆ ಕೂರುವುದನ್ನು ಬಿಟ್ಟೆ. ಪಕ್ಕದವರು ಪಾಯಸಕ್ಕೆ ಬಂದಾಗ ನಾನು ಕೋಸಂಬರಿಯಲ್ಲೇ ಇರುತ್ತಿದ್ದೆ. ಶಾಲೆಯಲ್ಲಿ ಎಲ್ಲರ ಊಟ ಮುಗಿದ ಮೇಲೆ ಖಾಲಿ ಕ್ಲಾಸ್‌ರೂಮಿಗೆ ಹೋಗಿ, ಓಡಾಡುತ್ತಾ, ಒಂದು ತುತ್ತಿಗೆ ನಾಲ್ಕು ಗುಟುಕು ನೀರು ಕುಡಿಯುತ್ತಾ ತಿನ್ನುತ್ತಿದ್ದೆ. ಕೆಲವೊಮ್ಮೆ ತಿಂದದ್ದೆಲ್ಲಾ ವಾಪಸ್ ಬರುತ್ತಿತ್ತು. ಹುಳಿಯೂ ಇರುತ್ತಿರಲಿಲ್ಲ, ಕಹಿಯೂ ಇರುತ್ತಿರಲಿಲ್ಲ. ಹೊಟ್ಟೆಗೆ ಹೋಗಿದ್ದರೆ ತಾನೇ ಹುಳಿಯಾಗುವುದು! ತಿಂದ ಅನ್ನ ತಿಂದ ಹಾಗೇ, ನೊರೆಯ ಜೊತೆ. ಈ ಗುರುತನ್ನು ಡಾಕ್ಟರಿಗೆ ತಪ್ಪದೇ ಹೇಳಿ. ಬರೀ ವಾಂತಿ ಎಂದರೆ ಅವರು ಬೇರೆಯದನ್ನೇ ಯೋಚಿಸಬಹುದು.

ತಾಲೂಕಿನಿಂದ ಜಿಲ್ಲೆಗೆ ಹೋಗಿ ಎಂಡೋಸ್ಕೋಪಿ ಮಾಡಿಸಿದೆವು. ರಿಪೋರ್ಟಿನ ಕೊನೆಗೆ ದಪ್ಪ ಅಕ್ಷರದಲ್ಲಿ ನಾರ್ಮಲ್ ಎಂದಿತ್ತು. ಎಲ್ಲರಿಗೂ ಸಮಾಧಾನವಾಯಿತು. ಆದರೆ ಅದೇ ಹಾಳೆಯ ನಡುವೆ ಒಂದು ಸಾಲಿತ್ತು: ಅನ್ನನಾಳ ಜಠರಕ್ಕೆ ಸೇರುವ ಕಡೆ ಸ್ಕೋಪ್ ದಾಟಿಸುವಾಗ ಸ್ವಲ್ಪ ತಡೆ. ಆಮೇಲೆ ಆ ರಿಪೋರ್ಟನ್ನು ಎಷ್ಟೋ ಜನ ತಿರುವಿ ಹಾಕಿದರು, ಆ ಸಾಲಿನ ಮೇಲೆ ಬೆರಳಿಟ್ಟವರು ಮಾತ್ರ ಯಾರೂ ಇಲ್ಲ. ಅಕಲೇಷಿಯಾ ಶುರುವಿನ ಹಂತದಲ್ಲಿ ಇದ್ದಾಗ ಎಂಡೋಸ್ಕೋಪಿಯಲ್ಲಿ ಏನೂ ಕಾಣದೇ ಹೋಗಬಹುದು. ಹುಣ್ಣು, ಗಡ್ಡೆ ಇದೆಯೇ ಎಂದು ಎಂಡೋಸ್ಕೋಪಿ ತೋರಿಸುತ್ತದೆ. ಅನ್ನನಾಳ ಕೆಲಸ ಮಾಡುತ್ತಿದೆಯೇ ಎಂಬುದು ಬೇರೆಯೇ ಪರೀಕ್ಷೆ.

ದಾರಿ ಸಿಕ್ಕಿದ್ದು ನಾವು ಯೋಚಿಸಿರದ ಕಡೆಯಿಂದ. ರಾತ್ರಿ ಮಲಗಿದರೆ ನೊರೆ ಗಂಟಲಿಗೆ ಬಂದು ಕೆಮ್ಮು ಶುರುವಾಗುತ್ತಿತ್ತು. ಮೂರು ದಿಂಬು ಒರಗಿಸಿಕೊಂಡು, ಅರ್ಧ ಕೂತೇ ನಿದ್ದೆ. ಕೆಮ್ಮು ನಿಲ್ಲದ್ದಕ್ಕೆ ಟೀಬಿ ಇರಬಹುದೆಂದು ಕಫ ಪರೀಕ್ಷೆಯಾಯಿತು. ಟೀಬಿ ಇರಲಿಲ್ಲ. ಆದರೆ ಶ್ವಾಸಕೋಶದ ಡಾಕ್ಟರ್ ನನ್ನ ಎದೆಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ನಿಂತು ತೆಗೆಸಿದ ಎಕ್ಸ್‌ರೇಯಲ್ಲಿ ಎಡಗಡೆ ಪಕ್ಕೆಯ ಕೆಳಗೆ ಜಠರದ ಗಾಳಿ ಒಂದು ಕಪ್ಪು ಗುಳ್ಳೆಯಾಗಿ ಕಾಣಬೇಕಂತೆ. ನನ್ನದರಲ್ಲಿ ಅದು ಇರಲಿಲ್ಲ. ನುಂಗಿದ ಗಾಳಿಯೂ ಕೆಳಗೆ ಹೋಗುತ್ತಿಲ್ಲ ನೋಡಿ ಅಂದರು. ಬೇರಿಯಂ ಸ್ವಾಲೋ ಮಾಡಿಸಿ ಎಂದು ಚೀಟಿ ಬರೆದು, ಗ್ಯಾಸ್ಟ್ರೋ ಡಾಕ್ಟರ್ ಹತ್ತಿರ ಹೋಗಲು ಹೇಳಿದರು. ಅವರಿಗೆ ನಾನು ಯಾವತ್ತೂ ಚಿರಋಣಿ.

ಪರೀಕ್ಷೆಗಳು

ಬೇರಿಯಂ ಎಂದರೆ ಸುಣ್ಣ ಕಲಸಿದ ನೀರಿನ ಹಾಗಿರುವ ಬಿಳಿ ದ್ರವ. ಎಕ್ಸ್‌ರೇ ಮಷಿನ್ ಮುಂದೆ ನಿಂತು ಒಂದು ಲೋಟ ಕುಡಿಯಬೇಕು. 1, 2 ಮತ್ತು 5 ನಿಮಿಷಕ್ಕೆ ಚಿತ್ರ ತೆಗೆಯುತ್ತಾರೆ. ಆರೋಗ್ಯವಂತರಲ್ಲಿ 1 ನಿಮಿಷಕ್ಕೆಲ್ಲಾ ಅನ್ನನಾಳ ಬಹುತೇಕ ಖಾಲಿ. ನನ್ನಲ್ಲಿ 5 ನಿಮಿಷವಾದರೂ ಬಿಳಿ ಕಂಬ ಹಾಗೇ ನಿಂತಿತ್ತು. ಮೇಲೆ ಅಗಲ, ಕೆಳಗೆ ಹೋಗ್ತಾ ಹೋಗ್ತಾ ಚೂಪು. ಇದನ್ನು ಡಾಕ್ಟರುಗಳು ಹಕ್ಕಿಯ ಕೊಕ್ಕು ಎನ್ನುತ್ತಾರೆ. ಬೇರಿಯಂ ಕುಡಿದ ಮೇಲೆ ಮಲ ಗಟ್ಟಿಯಾಗುತ್ತದೆ. ಎರಡು ದಿನ ಆದಷ್ಟು ನೀರು ಕುಡಿಯಿರಿ, ನಮ್ಮಂಥವರಿಗೆ ಅದೂ ಸುಲಭವಲ್ಲ ಎಂಬುದು ಗೊತ್ತು.

ಅಲ್ಲಿಂದ ಬೆಂಗಳೂರು. ಖಾತ್ರಿ ಮಾಡಿಕೊಳ್ಳಲು ಹೈ ರೆಸಲ್ಯೂಷನ್ ಮಾನೋಮೆಟ್ರಿ, ಅಂದರೆ ಅನ್ನನಾಳದೊಳಗಿನ ಒತ್ತಡ ಅಳೆಯುವ ಪರೀಕ್ಷೆ ಬೇಕು ಎಂದರು. ಈ ಮಷಿನ್ ಎಲ್ಲಾ ಊರಲ್ಲಿ ಇರುವುದಿಲ್ಲ, ಇದ್ದ ಕಡೆಯೂ ವಾರದಲ್ಲಿ ಒಂದೆರಡು ದಿನ ಮಾತ್ರ ಮಾಡುತ್ತಾರೆ. ಮೂರು ವಾರದ ಮೇಲೆ ದಿನಾಂಕ ಸಿಕ್ಕಿತು. ಸಮಯ ಉಳಿಸಬೇಕಾದರೆ ಡಾಕ್ಟರನ್ನು ಮೊದಲ ಸಲ ಕಾಣುವಾಗಲೇ, ಇಲ್ಲಿ ಮಾನೋಮೆಟ್ರಿ ಆಗುತ್ತದೆಯೇ, ಮುಂದಿನ ಸ್ಲಾಟ್ ಯಾವಾಗ ಎಂದು ಕೌಂಟರಿನಲ್ಲಿ ಕೇಳಿಬಿಡಿ.

ಮಾನೋಮೆಟ್ರಿ ನೋವಿನದಲ್ಲ, ಆದರೆ ಕಷ್ಟದ್ದು. ಅರಿವಳಿಕೆ ಕೊಡುವುದಿಲ್ಲ, ಎಚ್ಚರವಾಗಿರಬೇಕು. ಮೂಗಿಗೆ ಮರಗಟ್ಟುವ ಜೆಲ್ ಹಚ್ಚಿ, ಸುಮಾರು 4 ಮಿಲಿಮೀಟರ್ ದಪ್ಪದ ನಳಿಕೆಯನ್ನು ಅನ್ನನಾಳ ದಾಟಿಸಿ ಜಠರದವರೆಗೆ ಇಳಿಸುತ್ತಾರೆ. ನಳಿಕೆಯ ಉದ್ದಕ್ಕೂ ಒತ್ತಡ ಅಳೆಯುವ ಸೆನ್ಸರ್‌ಗಳು. ನನ್ನಲ್ಲಿ ಕೊನೆಯ ಬಿಗಿಯಲ್ಲಿ ನಳಿಕೆ ಮುಂದೆ ಹೋಗಲೇ ಇಲ್ಲ. ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ಟೆಕ್ನಿಷಿಯನ್ ಹುಡುಗಿ ನನ್ನ ಕೈ ಬಿಡದೆ, ಮೂಗಿನಿಂದ ಉಸಿರಾಡಿ ಅಕ್ಕ, ಈಗ ಒಂದು ಗುಟುಕು ಎನ್ನುತ್ತಾ ಕೊನೆಗೂ ದಾಟಿಸಿದಳು. ಆಮೇಲೆ ಮಲಗಿಸಿ 10 ಸಲ, ಸಲಕ್ಕೆ 5 ಎಂಎಲ್ ನೀರು. ಒಂದೇ ಸಲಕ್ಕೆ ನುಂಗಬೇಕು, ನಡುವೆ ಎಂಜಲು ನುಂಗುವ ಹಾಗಿಲ್ಲ. ಕಂಪ್ಯೂಟರಿನಲ್ಲಿ ನೀಲಿ, ಹಸಿರು, ಕೆಂಪು ಬಣ್ಣದ ಚಿತ್ರ ಮೂಡುತ್ತದೆ. ಹಿಂದಿನ ಎರಡು ದಿನ ಬರೀ ದ್ರವ ಆಹಾರದಲ್ಲಿರಿ. ಬಿಪಿ, ನೋವು, ನಿದ್ದೆಯ ಮಾತ್ರೆಗಳಲ್ಲಿ ಕೆಲವನ್ನು ನಿಲ್ಲಿಸಬೇಕಾಗುತ್ತದೆ, ನೀವು ತೆಗೆದುಕೊಳ್ಳುವ ಪಟ್ಟಿಯನ್ನು ಮೊದಲೇ ತೋರಿಸಿ.

ರಿಪೋರ್ಟ್: ಅಕಲೇಷಿಯಾ, ಟೈಪ್ 2. ಡಾಕ್ಟರ್ ಹಾಳೆಯ ಹಿಂದೆ ಚಿತ್ರ ಬರೆದು ವಿವರಿಸಿದರು. ಅನ್ನನಾಳದ ಕೆಳತುದಿಯಲ್ಲಿ ಒಂದು ಬಿಗಿಯಾದ ಸ್ನಾಯು ಇದೆ. ನುಂಗಿದಾಗ ಅದು ಸಡಿಲವಾಗಬೇಕು. ಸಡಿಲಿಸುವ ನರಕೋಶಗಳು ನಾಶವಾದರೆ ಅದು ಮುಚ್ಚಿಕೊಂಡೇ ಇರುತ್ತದೆ. ಜೊತೆಗೆ ಅನ್ನನಾಳ ಆಹಾರವನ್ನು ಕೆಳಗೆ ತಳ್ಳುವ ಶಕ್ತಿಯನ್ನೂ ಕಳೆದುಕೊಳ್ಳುತ್ತದೆ. ಆ ಕೋಶಗಳು ಯಾಕೆ ಸಾಯುತ್ತವೆ ಎಂಬುದಕ್ಕೆ ಪೂರ್ತಿ ಉತ್ತರ ಇನ್ನೂ ಸಿಕ್ಕಿಲ್ಲವಂತೆ. ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬರಿಗೆ ಬರುವಷ್ಟು ಅಪರೂಪ. ಮೂರು ಟೈಪ್‌ಗಳಲ್ಲಿ ಚಿಕಿತ್ಸೆಗೆ ಚೆನ್ನಾಗಿ ಬಗ್ಗುವುದು ಟೈಪ್ 2 ಎಂದರು.

ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಭಯಕ್ಕಲ್ಲ. ನನಗೇನೋ ಆಗಿದೆ ಎಂದು ಎರಡು ವರ್ಷದಿಂದ ಹೇಳುತ್ತಿದ್ದೆ, ಈಗ ಅದು ಹಾಳೆಯ ಮೇಲಿತ್ತು.

ಯಾವ ದಾರಿ?

ಈ ಕಾಯಿಲೆಯನ್ನು ಬೇರುಸಹಿತ ಗುಣ ಮಾಡುವ ಮದ್ದಿಲ್ಲ. ಸತ್ತ ನರಕೋಶ ವಾಪಸ್ ಬರುವುದಿಲ್ಲ. ಕೆಳಗಿನ ಬಿಗಿಯನ್ನು ಬಿಡಿಸುವುದೊಂದೇ ಕೆಲಸ. ನಾಲಿಗೆ ಕೆಳಗಿಡುವ ಮಾತ್ರೆಗಳಿಂದ ಸ್ವಲ್ಪ ಹೊತ್ತು ಆರಾಮ ಸಿಗಬಹುದು, ಅಷ್ಟೇ. ಬೊಟಾಕ್ಸ್ ಇಂಜೆಕ್ಷನ್ ಕೆಲವು ತಿಂಗಳು ಕೆಲಸ ಮಾಡುತ್ತದೆ, ಹೆಚ್ಚಾಗಿ ಆಪರೇಷನ್ ತಡೆಯಲಾರದ ವಯಸ್ಸಾದವರಿಗೆ. ನನ್ನ ಮುಂದೆ ಮೂರು ದಾರಿ ಇದ್ದವು.

ಒಂದು, ಬಲೂನು. ಎಂಡೋಸ್ಕೋಪಿಯಲ್ಲಿ 30ರಿಂದ 40 ಮಿಲಿಮೀಟರ್ ಅಗಲದ ಬಲೂನನ್ನು ಆ ಬಿಗಿಯಲ್ಲಿ ಉಬ್ಬಿಸಿ ಸ್ನಾಯುವನ್ನು ಹರಿಯುತ್ತಾರೆ. ಖರ್ಚು ಕಡಿಮೆ, ಆಸ್ಪತ್ರೆವಾಸವೂ ಕಡಿಮೆ. ಮತ್ತೆ ಮತ್ತೆ ಮಾಡಿಸಬೇಕಾಗಬಹುದು. ಅನ್ನನಾಳ ತೂತಾಗುವ ಸಣ್ಣ ಅಪಾಯವಿದೆ. 2011ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನದಲ್ಲಿ ಎರಡು ವರ್ಷದ ಮಟ್ಟಿಗೆ ಬಲೂನೂ ಹೆಲ್ಲರೂ ಹೆಚ್ಚುಕಡಿಮೆ ಸರಿಸಮ ಎಂದು ಬಂದಿತ್ತು. ಹಾಗಾಗಿ ಬಲೂನನ್ನು ಯಾರೂ ಕೀಳಾಗಿ ಕಾಣಬೇಕಿಲ್ಲ.

ಎರಡು, ಪೋಯಮ್. ಜಪಾನಿನ ಹರುಹಿರೊ ಇನೌಯೆ 2008ರಲ್ಲಿ ರೋಗಿಗಳ ಮೇಲೆ ಶುರು ಮಾಡಿದ ವಿಧಾನ. ಹೊಟ್ಟೆಯ ಮೇಲೆ ಒಂದು ಗಾಯವೂ ಇಲ್ಲ. ಬಾಯಿಂದ ಎಂಡೋಸ್ಕೋಪ್ ಇಳಿಸಿ, ಅನ್ನನಾಳದ ಒಳಪೊರೆಯ ಕೆಳಗೆ ಸುರಂಗ ಮಾಡಿಕೊಂಡು ಹೋಗಿ ಸ್ನಾಯು ಕತ್ತರಿಸುತ್ತಾರೆ. ಅನ್ನನಾಳವೇ ಸೆಳೆತಕ್ಕೆ ಒಳಗಾಗುವ ಟೈಪ್ 3 ಇದ್ದವರಿಗೆ ಇದೇ ಒಳ್ಳೆಯದು, ಏಕೆಂದರೆ ಮೇಲಿನವರೆಗೂ ಉದ್ದಕ್ಕೆ ಕತ್ತರಿಸಬಹುದು.

ಮೂರು, ಹೆಲ್ಲರ್. ಜರ್ಮನಿಯ ಅರ್ನ್ಸ್ಟ್ ಹೆಲ್ಲರ್ 1913ರಲ್ಲಿ ಮೊದಲು ಮಾಡಿದ ಆಪರೇಷನ್. ಆಗ ದೊಡ್ಡದಾಗಿ ಕೊಯ್ದು ಮಾಡುತ್ತಿದ್ದರು. 1991ರಲ್ಲಿ ಸ್ಕಾಟ್‌ಲೆಂಡಿನ ಡಂಡೀಯಲ್ಲಿ ಆಲ್ಫ್ರೆಡ್ ಕುಷಿಯೇರಿ ಅವರ ತಂಡ ಇದನ್ನು ಲ್ಯಾಪರೋಸ್ಕೋಪಿಯಲ್ಲಿ ಮಾಡಿದ್ದನ್ನು ವರದಿ ಮಾಡಿತು. ಸ್ನಾಯು ಕತ್ತರಿಸಿದ ಮೇಲೆ ಆಸಿಡ್ ಮೇಲೆ ನುಗ್ಗಬಾರದೆಂದು ಜಠರದ ಮೇಲ್ಭಾಗವನ್ನು ತಂದು ಕತ್ತರಿಸಿದ ಜಾಗದ ಮುಂದೆ ಹೊದಿಸಿ ಹೊಲಿಯುತ್ತಾರೆ. ಅದಕ್ಕೆ ಡೋರ್ ಎನ್ನುತ್ತಾರೆ. ಹಿಂದಿನಿಂದ ಸುತ್ತಿದರೆ ಟುಪೆ.

ನಾನು ಡಾಕ್ಟರಿಗೆ ಕೇಳಿದ್ದು ಒಂದೇ ಪ್ರಶ್ನೆ: ನಿಮ್ಮ ತಂಗಿಯಾಗಿದ್ದರೆ ಯಾವುದು ಹೇಳುತ್ತಿದ್ದಿರಿ? ಅವರು ನೇರ ಉತ್ತರ ಕೊಡದೆ 2019ರ ಅಧ್ಯಯನವೊಂದನ್ನು ತೋರಿಸಿದರು. ಎರಡು ವರ್ಷದ ನಂತರ ಪೋಯಮ್ ಆದವರಲ್ಲಿ ಶೇ. 83, ಹೆಲ್ಲರ್ ಆದವರಲ್ಲಿ ಶೇ. 81.7 ಮಂದಿಗೆ ಗುಣ ಕಂಡಿತ್ತು. ಅಂದರೆ ನುಂಗುವ ವಿಷಯದಲ್ಲಿ ಎರಡೂ ಒಂದೇ. ಆದರೆ ಆಸಿಡ್‌ನಿಂದ ಅನ್ನನಾಳ ಕೆಂಪಾಗುವುದು ಪೋಯಮ್‌ನಲ್ಲಿ ಶೇ. 44, ಹೆಲ್ಲರ್‌ನಲ್ಲಿ ಶೇ. 29. ನನಗಿನ್ನೂ ನಲವತ್ತು ತುಂಬಿಲ್ಲ. ಜೀವನವಿಡೀ ಆಸಿಡ್ ಮಾತ್ರೆ ನುಂಗುವ ಸಂಭವ ಕಡಿಮೆ ಇರಲಿ ಅನ್ನಿಸಿತು. ನಾವು ನೋಡುತ್ತಿದ್ದ ಆಸ್ಪತ್ರೆಯಲ್ಲಿ ಪೋಯಮ್ ಖರ್ಚೂ ಜಾಸ್ತಿ ಹೇಳಿದ್ದರು. ಸರ್ಜನ್ ಹೆಲ್ಲರ್ ಬಹಳ ಮಾಡಿದವರು. ಇದೇ ನನ್ನ ಲೆಕ್ಕಾಚಾರ. ನಿಮ್ಮದು ಬೇರೆಯಾಗಿರಬಹುದು. ಈ ಆಪರೇಷನ್ ನೀವು ವರ್ಷಕ್ಕೆ ಎಷ್ಟು ಮಾಡುತ್ತೀರಿ ಎಂದು ಸರ್ಜನ್‌ಗೆ ಕೇಳಲು ಮಾತ್ರ ಸಂಕೋಚ ಬೇಡ. ಅಪರೂಪದ ಕಾಯಿಲೆ, ಕೈ ಪಳಗಿದವರೇ ಬೇಕು.

ಕಾಗದಪತ್ರ ಮತ್ತು ದುಡ್ಡು

ಇಲ್ಲಿ ಆದ ತಲೆನೋವು ಆಪರೇಷನ್‌ಗಿಂತ ಹೆಚ್ಚು ನಿದ್ದೆ ಕೆಡಿಸಿತು. ನಮ್ಮ ಮನೆಯವರಿಗೆಲ್ಲಾ ಸೇರಿ ಒಂದು ಫ್ಯಾಮಿಲಿ ಪಾಲಿಸಿ ಇದೆ. ಆಸ್ಪತ್ರೆಯವರು ಕ್ಯಾಶ್‌ಲೆಸ್‌ಗೆ ಕಳಿಸಿದರು. ಮಂಜೂರಾತಿಯ ಬದಲು ಪ್ರಶ್ನೆ ಬಂತು: ತೊಂದರೆ ಎಷ್ಟು ಕಾಲದಿಂದ ಇದೆ? ಪಾಲಿಸಿಗಿಂತ ಹಿಂದಿನದಲ್ಲವೇ? ನೋಡಿದರೆ ಕೇಸ್ ಶೀಟಿನಲ್ಲಿ ಯಾರೋ ನಾಲ್ಕು ವರ್ಷದಿಂದ ಎಂದು ಬರೆದುಬಿಟ್ಟಿದ್ದರು. ನಾನು ಹೇಳಿದ್ದು ಎರಡು ವರ್ಷದ ಮೇಲೆ ಎಂದು. ಆ ಒಂದು ಅಂಕಿಯಿಂದ ಆಪರೇಷನ್ ದಿನಾಂಕವೇ ಮುಂದೆ ಹೋಯಿತು.

ಕಾಪಾಡಿದ್ದು ತಿಪಟೂರಿನ ಕ್ಲಿನಿಕ್ಕಿನ ಮೊದಲ ಚೀಟಿ. ನನ್ನ ಯಜಮಾನರು ಎಲ್ಲಾ ಚೀಟಿಗಳನ್ನೂ ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ದಿನಾಂಕದ ಪ್ರಕಾರ ಜೋಡಿಸಿಟ್ಟಿದ್ದರು. ನುಂಗಲು ಕಷ್ಟ, ಒಂದು ತಿಂಗಳಿಂದ ಎಂದು ಆ ಡಾಕ್ಟರ್ ದಿನಾಂಕ ಹಾಕಿ ಬರೆದಿದ್ದರು. ಅದರ ಪ್ರತಿ, ಸರ್ಜನ್ ಅವರಿಂದ ಲೆಟರ್‌ಹೆಡ್ ಮೇಲೆ ತಿದ್ದುಪಡಿ ಪತ್ರ, ಎರಡನ್ನೂ ಕಳಿಸಿದ ಮೇಲೆ ಮಂಜೂರಾಯಿತು. ಹಾಗಾಗಿ ಯಾರು ಕೇಸ್ ಹಿಸ್ಟರಿ ಬರೆದುಕೊಂಡರೂ, ಎಷ್ಟು ಕಾಲದಿಂದ ಎಂದು ಬರೆದಿರಿ, ಒಮ್ಮೆ ಓದಿ ಹೇಳಿ ಎಂದು ಕೇಳಿ. ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಸುತ್ತೋಲೆ ಪ್ರಕಾರ ಕ್ಯಾಶ್‌ಲೆಸ್ ಕೋರಿಕೆಗೆ 1 ಗಂಟೆಯೊಳಗೆ, ಡಿಸ್ಚಾರ್ಜ್ ಸಮಯದ ಅಂತಿಮ ಒಪ್ಪಿಗೆಗೆ 3 ಗಂಟೆಯೊಳಗೆ ಉತ್ತರ ಕೊಡಬೇಕು. ನಮಗೆ ಅದು ಗೊತ್ತಿದ್ದದ್ದರಿಂದ ಧೈರ್ಯವಾಗಿ ಕೇಳಲು ಆಯಿತು.

ರೂಮ್ ಬಾಡಿಗೆಯ ಮಿತಿಯನ್ನೂ ನೋಡಿಕೊಳ್ಳಿ. ಪಾಲಿಸಿಯಲ್ಲಿ ಮಿತಿ ಇದ್ದು ಅದಕ್ಕಿಂತ ದೊಡ್ಡ ರೂಮ್ ತೆಗೆದುಕೊಂಡರೆ, ಬಾಡಿಗೆಯ ವ್ಯತ್ಯಾಸ ಮಾತ್ರ ಅಲ್ಲ, ಬಿಲ್ಲಿನ ಬೇರೆ ಬಾಬ್ತುಗಳಲ್ಲೂ ಅದೇ ಪ್ರಮಾಣದಲ್ಲಿ ಕಡಿತವಾಗಬಹುದು. ನಾವು ಮೂರು ಜನರ ರೂಮಿನಲ್ಲಿದ್ದೆವು. ಪರೀಕ್ಷೆಗಳಿಗೆಲ್ಲಾ ಸೇರಿ ಮೂವತ್ತು ಸಾವಿರದ ಹತ್ತಿರ ಕೈಯಿಂದ ಹೋಗಿತ್ತು. ಆಸ್ಪತ್ರೆ ಬಿಲ್ ಎರಡೂವರೆ ಲಕ್ಷ ದಾಟಿತು. ಗ್ಲೌಸ್, ಕಿಟ್ ಅಂತ ವಿಮೆಗೆ ಸೇರದ್ದು ಇಪ್ಪತ್ತೈದು ಸಾವಿರದಷ್ಟು ನಾವೇ ಕಟ್ಟಿದೆವು. ಓಡಾಟ, ಊಟ ಬೇರೆ.

ಬಿಪಿಎಲ್ ಕಾರ್ಡ್ ಇರುವವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಇಂಥ ಚಿಕಿತ್ಸೆಗೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೇಳುತ್ತಾರೆ. ಸೀದಾ ಪ್ರೈವೇಟ್‌ಗೆ ಹೋಗಿ ಅಡ್ಮಿಟ್ ಆದ ಮೇಲೆ ಕೇಳಿದರೆ ಕಷ್ಟ. ಮೊದಲು ಜಿಲ್ಲಾಸ್ಪತ್ರೆಯಲ್ಲಿ ಆರೋಗ್ಯಮಿತ್ರರನ್ನು (ಈ ಯೋಜನೆಯ ಸಹಾಯಕ ಸಿಬ್ಬಂದಿ) ಕಂಡು, ನಿಮ್ಮ ಆಪರೇಷನ್ ಪ್ಯಾಕೇಜಿನಲ್ಲಿ ಇದೆಯೇ, ಯಾವ ಆಸ್ಪತ್ರೆಗೆ ಬರೆದುಕೊಡುತ್ತಾರೆ ಎಂದು ವಿಚಾರಿಸಿ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರದ್ದೇ ಗ್ಯಾಸ್ಟ್ರೋಎಂಟರಾಲಜಿ ಸಂಸ್ಥೆ ಇದೆ. ಸಹಕಾರ ಸಂಘದ ಸದಸ್ಯರು ಯಶಸ್ವಿನಿ ಆರೋಗ್ಯ ಯೋಜನೆಯ ಬಗ್ಗೆಯೂ ಕೇಳಬಹುದು.

ಆಪರೇಷನ್

ಮೂರು ದಿನ ಮುಂಚಿನಿಂದ ಬರೀ ದ್ರವ. ಗಂಜಿ ತಿಳಿ, ಎಳನೀರು, ಸೋಸಿದ ಸಾರು. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹಿಂದಿನ ರಾತ್ರಿಯಿಂದ ಉಪವಾಸ ಇದ್ದರೆ ಸಾಕು ಎಂಬುದು ಬೇರೆಯವರಿಗೆ. ನಮ್ಮಂಥವರ ಹೊಟ್ಟೆ ಖಾಲಿ ಇದ್ದರೂ ಅನ್ನನಾಳ ಖಾಲಿ ಇರುವುದಿಲ್ಲ. ಅರಿವಳಿಕೆ ಕೊಟ್ಟಾಗ ಅಲ್ಲಿ ನಿಂತದ್ದು ಶ್ವಾಸಕೋಶಕ್ಕೆ ಹೋಗಬಹುದು. ಅರಿವಳಿಕೆ ಡಾಕ್ಟರ್ ನನ್ನನ್ನು ಮೂರು ಸಲ ಕೇಳಿದರು, ಕೊನೆಯದಾಗಿ ಏನು ಕುಡಿದಿರಿ, ಯಾವಾಗ ಎಂದು. ಟೇಬಲ್ಲಿನ ತಲೆ ಕಡೆ ಎತ್ತರ ಮಾಡಿಸಿದರು. ಗಂಟಲ ಮೇಲೆ ಯಾರೋ ಬೆರಳಿಟ್ಟು ಒತ್ತುತ್ತಾರೆ, ಹೆದರಬೇಡಿ, ಅದು ನಿಮ್ಮ ಒಳ್ಳೆಯದಕ್ಕೇ ಎಂದು ಮೊದಲೇ ಹೇಳಿದರು.

ಒಪ್ಪಿಗೆ ಪತ್ರದಲ್ಲಿ ಎರಡು ಅಪಾಯಗಳನ್ನು ಮುಖ್ಯವಾಗಿ ಬರೆದಿತ್ತು. ಸ್ನಾಯು ಕತ್ತರಿಸುವಾಗ ಒಳಪೊರೆ ತೂತಾಗಬಹುದು. ಬೇಕಾದರೆ ಲ್ಯಾಪರೋಸ್ಕೋಪಿ ಬಿಟ್ಟು ಹೊಟ್ಟೆ ತೆರೆಯಬೇಕಾಗಬಹುದು. ಸಹಿ ಮಾಡುವಾಗ ಕೈ ನಡುಗಿತು. ತೂತಾದರೂ ಅಲ್ಲೇ ಕಂಡರೆ ಅಲ್ಲೇ ಹೊಲಿಯುತ್ತೇವೆ, ಅದಕ್ಕೇ ನಡುವೆ ಎಂಡೋಸ್ಕೋಪ್ ಇಳಿಸಿ ನೋಡುತ್ತೇವೆ ಎಂದು ಸರ್ಜನ್ ಹೇಳಿದ ಮೇಲೆ ಉಸಿರು ಬಂತು. ಬಳೆ, ಕಾಲುಂಗುರ, ತಾಳಿ ಎಲ್ಲಾ ಬಿಚ್ಚಿ ಅಮ್ಮನ ಕೈಗೆ ಕೊಟ್ಟೆ. ಮೂಗುಬೊಟ್ಟು ಬರಲೇ ಇಲ್ಲ, ನರ್ಸ್ ಎಣ್ಣೆ ಹಚ್ಚಿ ತೆಗೆದರು. ಮನೆಯಲ್ಲೇ ತೆಗೆಸಿಕೊಂಡು ಬನ್ನಿ.

ಒಳಗೆ ನಡೆದದ್ದು ಡಾಕ್ಟರ್ ಹೇಳಿ ಗೊತ್ತು. ಹೊಟ್ಟೆಯ ಮೇಲ್ಭಾಗದಲ್ಲಿ ಐದು ತೂತು. ಅನ್ನನಾಳದ ಮೇಲೆ ಸುಮಾರು 6 ಸೆಂಟಿಮೀಟರ್, ಜಠರದ ಮೇಲೆ 2ರಿಂದ 3 ಸೆಂಟಿಮೀಟರ್ ಉದ್ದಕ್ಕೆ ಸ್ನಾಯುವನ್ನು ಎಳೆ ಎಳೆಯಾಗಿ ಬಿಡಿಸಿ, ಒಳಪೊರೆಯನ್ನು ಮುಟ್ಟದೆ ಉಳಿಸಿದರು. ಆಮೇಲೆ ಡೋರ್ ಹೊದಿಕೆ. ಎರಡೂವರೆ ಗಂಟೆ ಎಂದಿದ್ದವರು ಮೂರು ಗಂಟೆಯ ಮೇಲೆ ತೆಗೆದುಕೊಂಡರು. ಹೊರಗೆ ಕೂತ ಮನೆಯವರ ಪಾಡು ಬೇಡ. ತಡವಾಯಿತೆಂದರೆ ಕೆಟ್ಟದ್ದಾಯಿತು ಎಂದುಕೊಳ್ಳಬೇಡಿ ಎಂದು ನಿಮ್ಮವರಿಗೆ ಮೊದಲೇ ಹೇಳಿಡಿ. ಅರಿವಳಿಕೆಗೆ ಮುಂಚಿನ ತಯಾರಿ, ಎಚ್ಚರವಾದ ಮೇಲೆ ಕಾಯಿಸುವುದು, ಅದೂ ಸೇರುತ್ತದೆ.

ಎಚ್ಚರವಾದಾಗ ಹೊಟ್ಟೆಗಿಂತ ಬಲ ಭುಜ ನೋಯುತ್ತಿತ್ತು. ಹೃದಯಕ್ಕೇನೋ ಆಯಿತೆಂದು ಗಾಬರಿಯಾದೆ. ಹೊಟ್ಟೆ ಉಬ್ಬಿಸಲು ತುಂಬುವ ಕಾರ್ಬನ್ ಡೈಆಕ್ಸೈಡ್ ಎದೆ ಮತ್ತು ಹೊಟ್ಟೆಯ ನಡುವಿನ ವಪೆಯನ್ನು ಕೆಣಕುತ್ತದೆ, ಆ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದೆ ಎಂದು ನರ್ಸ್ ಹೇಳಿದರು. ಎದ್ದು ಓಡಾಡಿದಷ್ಟೂ ಕಡಿಮೆಯಾಯಿತು. ಸಂಜೆಯೇ ಕಾರಿಡಾರಿನಲ್ಲಿ ನಡೆಸಿದರು. ವಾಂತಿ ಆಗದಂತೆ ಇಂಜೆಕ್ಷನ್ ಕೊಡುತ್ತಾರೆ. ವಾಕರಿಕೆ ಬಂದ ತಕ್ಷಣ ಹೇಳಿ, ಜೋರಾಗಿ ವಾಂತಿ ಮಾಡಿದರೆ ಹೊಲಿಗೆಗೆ ಒಳ್ಳೆಯದಲ್ಲ.

ಮಾರನೇ ದಿನ ಗಾಲಿಕುರ್ಚಿಯಲ್ಲಿ ಮತ್ತೆ ಎಕ್ಸ್‌ರೇ ಕೋಣೆಗೆ. ಎಲ್ಲೂ ಸೋರುತ್ತಿಲ್ಲ ಎಂದು ನೋಡಲು ಈ ಸಲ ಬೇರೆ ದ್ರವ, ತಿಳಿಯಾದದ್ದು, ಕಹಿ. ನಿಂತು ಒಂದು ಗುಟುಕು ಬಾಯಲ್ಲಿ ಹಿಡಿದೆ. ನುಂಗಲು ಭಯ. ಟೆಕ್ನಿಷಿಯನ್ ಸ್ಕ್ರೀನನ್ನು ನನ್ನ ಕಡೆ ತಿರುಗಿಸಿ, ನೀವೇ ನೋಡಿ ಮೇಡಂ ಅಂದರು. ನುಂಗಿದೆ. ಗೆರೆ ಇಳಿಯಿತು. ಎದೆಯ ಹಿಂದೆ ಯಾವಾಗಲೂ ನಿಲ್ಲುವ ಜಾಗಕ್ಕೆ ಬಂತು, ಅಲ್ಲಿ ನಿಲ್ಲದೆ ದಾಟಿ ಹೊಟ್ಟೆಯಲ್ಲಿ ಹರಡಿತು. ಇನ್ನೊಂದು ಗುಟುಕು. ಅದೂ ಇಳಿಯಿತು. ಇನ್ನೊಂದು ಬೇಕಾ ಅಂತ ಕೇಳಿದರು. ಕೊಡಿ ಅಂದೆ.

ಸೋರಿಕೆ ಇಲ್ಲ ಎಂದಾದ ಮೇಲೆ ನೀರು, ಆಮೇಲೆ ತಿಳಿಗಂಜಿ. ಡಿಸ್ಚಾರ್ಜ್ ಬರೆದದ್ದು ಬೆಳಿಗ್ಗೆ ರೌಂಡ್ಸಿನಲ್ಲಿ, ಹೊರಬಿದ್ದದ್ದು ಕತ್ತಲಾದ ಮೇಲೆ. ಬಿಲ್ಲು, ವಿಮೆ, ಫಾರ್ಮಸಿ ಲೆಕ್ಕ. ಆ ದಿನ ರಾತ್ರಿ ಬೆಂಗಳೂರಲ್ಲೇ ಉಳಿಯುವ ವ್ಯವಸ್ಥೆ ಇಟ್ಟುಕೊಳ್ಳಿ. ನಾವು ಯಶವಂತಪುರದ ನೆಂಟರ ಮನೆಯಲ್ಲಿ ಉಳಿದು ಬೆಳಿಗ್ಗೆ ರೈಲು ಹತ್ತಿದೆವು. ರಸ್ತೆ ಉಬ್ಬುಗಳಿಗೆ ಹೆದರಿ ಕಾರು ಬೇಡ ಎಂದಿದ್ದೆ. ಸೀಟಿನಿಂದ ಎದ್ದು ಓಡಾಡಲು ಆಗುತ್ತದಲ್ಲ, ರೈಲೇ ಸುಖವಾಯಿತು.

ಮನೆಗೆ ಬಂದ ಮೇಲೆ

ಮೊದಲ ವಾರ ದ್ರವ. ನಂತರ ಮೂರ್ನಾಲ್ಕು ವಾರ ಮೆತ್ತಗಿನದು: ರಾಗಿ ಗಂಜಿ, ನುಣ್ಣಗೆ ಬೆಂದ ಪೊಂಗಲ್, ಹಾಲಿನಲ್ಲಿ ನೆನೆಸಿದ ಇಡ್ಲಿ, ಕಿವುಚಿದ ಬಾಳೆಹಣ್ಣು. ಬ್ರೆಡ್, ಚಪಾತಿ, ಮಾಂಸದ ತುಂಡು, ಸೋಡಾ ಬೇಡ ಎಂದಿದ್ದರು. ಹೊಲಿಗೆಯ ಊತದಿಂದ ನಡುವೆ ಒಂದು ವಾರ ಮತ್ತೆ ಸ್ವಲ್ಪ ಸಿಕ್ಕಿಕೊಂಡ ಹಾಗಾಯಿತು. ಎಲ್ಲಾ ವ್ಯರ್ಥವಾಯಿತೇ ಎಂದು ರಾತ್ರಿಯಿಡೀ ಕೂತಿದ್ದೆ. ಫೋನ್ ಮಾಡಿದಾಗ ಸರ್ಜನ್, ಅದು ನಿರೀಕ್ಷಿತ, ಇನ್ನೂ ಮೆತ್ತಗಿನದಕ್ಕೆ ಹೋಗಿ ಎಂದರು. ತಾನಾಗಿಯೇ ಸರಿಹೋಯಿತು. ಜ್ವರ, ತಡೆಯಲಾಗದ ಎದೆನೋವು, ಉಸಿರಾಟದ ಕಷ್ಟ, ಜೋರಾಗಿ ಓಡುವ ನಾಡಿ, ಇವುಗಳಲ್ಲಿ ಯಾವುದಿದ್ದರೂ ಮಾತ್ರ ಫೋನಿನಲ್ಲಿ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಆರು ವಾರ ಭಾರ ಎತ್ತುವ ಹಾಗಿಲ್ಲ. ಬಿಂದಿಗೆ, ಗ್ಯಾಸ್ ಸಿಲಿಂಡರ್, ಮಗು ಯಾವುದೂ. ಹಳ್ಳಿಮನೆಯಲ್ಲಿ ಹೆಂಗಸರಿಗೆ ಇದು ಸುಲಭವಲ್ಲ. ಹೊರಗೆ ಗಾಯ ಸಣ್ಣದು, ಹಾಗಾಗಿ ನೋಡುವವರಿಗೆ ಏನೂ ಆಗಿಲ್ಲ ಅನ್ನಿಸುತ್ತದೆ. ಒಳಗೆ ಆದದ್ದು ದೊಡ್ಡ ಆಪರೇಷನ್ ಎಂದು ಮನೆಯವರಿಗೆ ಡಾಕ್ಟರ್ ಬಾಯಿಂದಲೇ ಹೇಳಿಸಿ. ನಾನು ಹಾಗೇ ಮಾಡಿದೆ.

ಈಗ ಹೇಗಿದೆ? ಎಲ್ಲಾ ತಿನ್ನುತ್ತೇನೆ, ನಿಧಾನವಾಗಿ. ಅನ್ನನಾಳಕ್ಕೆ ತಳ್ಳುವ ಶಕ್ತಿ ವಾಪಸ್ ಬಂದಿಲ್ಲ, ಬರುವುದೂ ಇಲ್ಲ. ಕೂತು, ಬೆನ್ನು ನೆಟ್ಟಗಿಟ್ಟು, ಚೆನ್ನಾಗಿ ಅಗಿದು, ನಡುವೆ ನೀರು ಕುಡಿಯುತ್ತಾ ತಿಂದರೆ ಆಹಾರ ತನ್ನ ಭಾರಕ್ಕೇ ಇಳಿಯುತ್ತದೆ. ಮುದ್ದೆಯನ್ನು ಎರಡು ತಿಂಗಳ ಮೇಲೆ ಸಣ್ಣ ಸಣ್ಣ ತುತ್ತು ಮಾಡಿ ತಿಂದೆ. ರಾತ್ರಿ ಊಟ ಎಂಟಕ್ಕೆ ಮುಂಚೆ, ಮಲಗುವುದು ಮೂರು ಗಂಟೆಯ ಮೇಲೆ, ಮಂಚದ ತಲೆ ಕಡೆ ಎರಡು ಇಟ್ಟಿಗೆ. ಎದೆ ಹಿಂಡಿದ ಹಾಗೆ ನೋವು ಆಗೊಮ್ಮೆ ಈಗೊಮ್ಮೆ ಬರುತ್ತದೆ. ಆಪರೇಷನ್ ಆದ ಎಷ್ಟೋ ಜನರಿಗೆ ಇದು ಉಳಿಯುತ್ತದಂತೆ. ಕೆಲವರಿಗೆ ತಣ್ಣೀರು, ಕೆಲವರಿಗೆ ಬಿಸಿನೀರು ಆರಾಮ ಕೊಡುತ್ತದೆ. ನನಗೆ ಬಿಸಿನೀರು. ಹೊಸ ಥರದ ಎದೆನೋವು ಬಂದರೆ ಅದೇ ಎಂದುಕೊಳ್ಳದೆ ಇಸಿಜಿ ಮಾಡಿಸಲು ಹೇಳಿದ್ದಾರೆ. ತೂಕ ಏಳು ಕೇಜಿಯಷ್ಟು ಏರಿದೆ. ಕೆಮ್ಮು ನಿಂತಿದೆ. ಒಂದೇ ದಿಂಬಿನಲ್ಲಿ ಮಲಗುತ್ತೇನೆ.

ಮೊನ್ನೆಯ ಚೆಕಪ್‌ನಲ್ಲಿ ಮತ್ತೆ ಬೇರಿಯಂ ಮಾಡಿದರು. 5 ನಿಮಿಷದ ಚಿತ್ರದಲ್ಲಿ ಅಡಿಯಲ್ಲಿ ತೆಳು ಗೆರೆಯಷ್ಟೇ ಇತ್ತು. ಪ್ಯಾಂಟೊಪ್ರಜೋಲ್ ಸದ್ಯಕ್ಕೆ ಮುಂದುವರಿಸಿ, ವರ್ಷಕ್ಕೆ ಎಂಡೋಸ್ಕೋಪಿಯಲ್ಲಿ ಆಸಿಡ್ ಗಾಯ ಇದೆಯೇ ನೋಡೋಣ ಎಂದರು. ವರ್ಷಗಳ ನಂತರ ಕೆಲವರಿಗೆ ಬಿಗಿ ಮರಳಬಹುದು, ಆಗ ಬಲೂನೋ ಪೋಯಮ್ಮೋ ಮಾಡಲು ಅಡ್ಡಿಯಿಲ್ಲ. ಹಳೆಯ ಅಕಲೇಷಿಯಾ ಇದ್ದವರಲ್ಲಿ ಅನ್ನನಾಳದ ಕ್ಯಾನ್ಸರ್ ಸಂಭವ ಬೇರೆಯವರಿಗಿಂತ ಹೆಚ್ಚು, ಹಾಗಾಗಿ ಚೆನ್ನಾಗಿದ್ದೇನೆ ಎಂದು ಫಾಲೋಅಪ್ ತಪ್ಪಿಸಬಾರದು. ಆಪರೇಷನ್ ನೋಟ್ಸ್, ಮಾನೋಮೆಟ್ರಿಯ ಬಣ್ಣದ ಪ್ರಿಂಟ್, ಎರಡೂ ಬೇರಿಯಂ ಫಿಲ್ಮುಗಳು, ಇವನ್ನು ಡಿಸ್ಚಾರ್ಜ್ ಸಮರಿ ಜೊತೆ ಕೇಳಿ ಪಡೆಯಿರಿ. ಮುಂದೆ ಯಾವ ಡಾಕ್ಟರ್ ಹತ್ತಿರ ಹೋದರೂ ಮೊದಲು ಕೇಳುವುದು ಅವನ್ನೇ. ಬೇರೆ ಯಾವ ಆಪರೇಷನ್‌ಗೆ, ಹಲ್ಲಿನದಾದರೂ ಸರಿ, ಅರಿವಳಿಕೆ ಕೊಡುವುದಿದ್ದರೆ ನಿಮಗೆ ಅಕಲೇಷಿಯಾ ಇತ್ತು ಎಂದು ಮೊದಲೇ ತಿಳಿಸಿ.